ಮೀಸೆಯವರ ಸೈಕಲ್ಲಿನ ತಿರುಪು

ಮೀಸೆಯವರ ಸಲೂನು ಎಲ್ಲಿ ಎಂದು ಕೇಳಿದರೆ ಆ ಬೀದಿಯ ಮಕ್ಕಳೂ ಕೈ ತೋರಿಸುತ್ತಿದ್ದರು. ಅಂಗಡಿಗೆ ಬೇರೆ ಬೋರ್ಡು ಬೇಕಿರಲಿಲ್ಲ, ಅದು ಯಜಮಾನರ ಮೂಗಿನ ಕೆಳಗೇ ಇತ್ತು. ಎರಡೂ ಕಡೆ ಮೇಲಕ್ಕೆ ತಿರುಗಿ ನಿಂತ ಆ ಮೀಸೆಗಿಂತ ದೊಡ್ಡದು ಅವರಲ್ಲಿ ಇನ್ನೇನಾದರೂ ಇದ್ದರೆ ಅದು ಅವರ ಬಾಯಿ. ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟುತ್ತಿದ್ದ ಹಾಗೆ ಶುರುವಾದ ಮಾತು ಅವನು ಎದ್ದು ಬಾಗಿಲು ದಾಟುವವರೆಗೂ ನಿಲ್ಲುತ್ತಿರಲಿಲ್ಲ. ಗಿರಾಕಿಗಳು ಬಹಳ ತಾಳ್ಮೆಯಿಂದ ಕೇಳುತ್ತಿದ್ದರು. ಕುತ್ತಿಗೆಯ ಮೇಲೆ ಕತ್ತಿ ಇದ್ದರೆ ತಾಳ್ಮೆ ತಾನಾಗಿಯೇ ಬರುತ್ತದೆ.

ಅವರ ಹೆಂಡತಿಯ ಕುತ್ತಿಗೆಯ ಮೇಲೆ ಕತ್ತಿ ಇರಲಿಲ್ಲ. ಆದರೂ ಮದುವೆಯಾದಾಗಿನಿಂದ ಕೇಳಿಕೊಂಡೇ ಬಂದಿದ್ದಳು. ಸಾಲದ್ದಕ್ಕೆ ಅವಳ ಕೆಲಸವೂ ಕೇಳುವುದೇ. ಕರೆಂಟಾಫೀಸಿನಲ್ಲಿ ದೂರಿನ ಫೋನು ಎತ್ತುವವಳು ಅವಳು. "ನಮ್ಮ ಬೀದಿಗೆ ಮಾತ್ರ ಯಾಕಮ್ಮಾ ಕತ್ತಲು?" ಎಂದು ಸಾವಿರ ಬಾಯಿ ಕೇಳುತ್ತವೆ, ಎರಡೇ ಕಿವಿ ಎಲ್ಲ ಕೇಳಿಸಿಕೊಳ್ಳಬೇಕು. ಹಾಗಾಗಿ ದಿನಕ್ಕೆ ಒಂದೇ ಒಂದು ಗಂಟೆಯನ್ನು ಅವಳು ತನಗೆಂದು ಎತ್ತಿಟ್ಟುಕೊಂಡಿದ್ದಳು. ಬೆಳಗ್ಗೆ ಗಂಡ ಎದ್ದು ಅಂಗಡಿಯ ಬಾಗಿಲು ತೆಗೆಯಲು ಹೋದ ಮೇಲೆ ಅಡುಗೆಮನೆಯ ಕಿಟಕಿ, ಒಂದು ಲೋಟ ಟೀ, ಮತ್ತು ಯಾರೂ ಏನೂ ಹೇಳದ ಸುಖ.

ಆ ಸುಖಕ್ಕೆ ಕಲ್ಲು ಬಿದ್ದದ್ದು ಅವಳ ತಮ್ಮನಿಂದ.

ತಮ್ಮ ಬಡಗಿ. ಊರಾಚೆಯ ಏರಿನ ತುದಿಯಲ್ಲಿ ತಾನೇ ಬಾಗಿಲು ಕಿಟಕಿ ಕೂರಿಸಿ ಮನೆ ಕಟ್ಟಿಕೊಂಡಿದ್ದ. ಮದುವೆಯಾದ ಹೊಸತರಲ್ಲಿ ಅದೇ ಏರಿನಲ್ಲಿ ಮೀಸೆಯವರು ಹೆಂಡತಿಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಸರಾಗವಾಗಿ ಹತ್ತಿಸಿದ್ದರು. ಆ ಧೈರ್ಯದಲ್ಲೇ ಹೊಸ ಮನೆ ನೋಡಲು ಅದೇ ಸೈಕಲ್ಲು, ಅದೇ ಹೆಂಡತಿಯನ್ನು ಹೊರಡಿಸಿದರು. ಸೈಕಲ್ಲು ಹಾಗೇ ಇತ್ತು. ಉಳಿದಿಬ್ಬರೂ ದಪ್ಪಗಾಗಿದ್ದರು. ಮೊದಲ ತಿರುವಿನಲ್ಲೇ ಮೀಸೆಯವರ ಮಾತು ನಿಂತಿತು, ಆಮೇಲೆ ಸೈಕಲ್ಲು ನಿಂತಿತು, ಆಮೇಲೆ ಅವರು ಇಳಿದು ತಳ್ಳಿದರು. ಮೀಸೆಯ ಎರಡೂ ತುದಿ ಬೆವರಿಗೆ ಜೋತುಬಿದ್ದಿದ್ದವು.

ಮೇಲಿಂದ ನೋಡುತ್ತಿದ್ದ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವ, ನಿಮ್ಮ ಬಾಯಿ ಮುಚ್ಚಿಸೋಕೆ ಒಂದು ಏರು ಸಾಕು ಅಂತ ಗೊತ್ತಿದ್ದಿದ್ರೆ ನಿಮ್ಮ ಅಂಗಡೀನ ಇಲ್ಲೇ ಹಾಕಿಸ್ತಿದ್ದೆ!"

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗಿಲ್ಲ ಕಣೋ" ಎಂದರು ಮೀಸೆಯವರು, ಉಸಿರು ಸಿಕ್ಕಿದ ಮೇಲೆ.

"ಹಾಗಾದ್ರೆ ಮೀಸೆಯನ್ನೇ ಪಣಕ್ಕಿಡಿ. ನನ್ನ ಮನೆಗೆ ವರ್ಷ ತುಂಬೋ ದಿನ ಅಕ್ಕನ್ನ ಹಿಂದೆ ಕೂರಿಸ್ಕೊಂಡು, ಕಾಲು ನೆಲಕ್ಕಿಡದೆ, ಈ ಗೇಟಿನ ತನಕ ಬನ್ನಿ. ಆಗದಿದ್ರೆ ಮೀಸೆ ನಾನೇ ಬೋಳಿಸ್ತೀನಿ. ನೀವು ಗೆದ್ರೆ ಸಾಯೋ ತನಕ ನಿಮ್ಮ ಅಂಗಡೀಲೇ ಕ್ಷೌರ ಮಾಡಿಸ್ಕೊತೀನಿ."

ಭಾವನ ಮಾತಿಗೆ ಹೆದರಿ ತಮ್ಮ ಅಲ್ಲಿಯವರೆಗೆ ಕದ್ದುಮುಚ್ಚಿ ಬೇರೆ ಅಂಗಡಿಗೆ ಹೋಗುತ್ತಿದ್ದ. ಮೀಸೆಯವರಿಗೆ ಅದು ಗೊತ್ತಿತ್ತು, ನೋವೂ ಇತ್ತು. "ಆಗಲಿ" ಎಂದುಬಿಟ್ಟರು. ಮರಕ್ಕೆ ಉಜ್ಜುಕೊರಡು ಹಾಕುವ ಕೈ ತನ್ನ ಗಂಡನ ಮೂಗಿನ ಕೆಳಗೆ ಕತ್ತಿ ಹಿಡಿಯುವುದನ್ನು ನೆನೆದು ಹೆಂಡತಿ ಬೆಚ್ಚಿದಳು. ಆ ಮೀಸೆಯ ಮೇಲೆ ಅವಳಿಗೆ ಆಸೆ. ಮದುವೆಗೆ ಮುಂಚೆ ಅವಳು ಒಪ್ಪಿಕೊಂಡದ್ದೇ ಅದನ್ನು ನೋಡಿ. ಬಾಯಿಯ ವಿಷಯ ಆಗ ಯಾರೂ ಹೇಳಿರಲಿಲ್ಲ.

ಬೀದಿಯಲ್ಲಿ ತುಳಿದರೆ ಗಿರಾಕಿಗಳ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮೀಸೆಯವರು ಸೈಕಲ್ ಅಂಗಡಿಯಿಂದ ಒಂದು ಕಬ್ಬಿಣದ ಸ್ಟ್ಯಾಂಡು ತಂದರು. ಹಿಂದಿನ ಗಾಲಿಯನ್ನು ಅದು ನೆಲದಿಂದ ಎತ್ತಿ ಹಿಡಿಯುತ್ತದೆ, ಒಂದು ಉರುಳೆ ಟೈರಿಗೆ ಒತ್ತಿಕೊಂಡಿರುತ್ತದೆ. ಹಿಂಬದಿಯ ತಿರುಪನ್ನು ಬಿಗಿ ಮಾಡಿದಷ್ಟೂ ತುಳಿಯುವುದು ಕಷ್ಟ. ಸೈಕಲ್ಲು ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಬಂದು ನಿಂತಿತು, ಮನೆಯಲ್ಲಿ ಬೇರೆಲ್ಲೂ ಜಾಗವಿರಲಿಲ್ಲ. ಅವಳ ಟೀ ಲೋಟಕ್ಕೂ ಹ್ಯಾಂಡಲ್ಲಿಗೂ ಮೊಳದಷ್ಟು ಅಂತರ.

ಅಂಗಡಿಯವನು ಒಂದು ಮಾತು ಹೇಳಿ ಕಳಿಸಿದ್ದ: ಮಾತಾಡುತ್ತಾ ತುಳಿಯಲು ಆದರೆ ದಮ್ಮು ಬಂದಿದೆ ಎಂದರ್ಥ, ಆಗ ತಿರುಪು ಸ್ವಲ್ಪ ಬಿಗಿ ಮಾಡಿ, ಮಾತು ತುಂಡಾದರೆ ಅಲ್ಲೇ ಇರಿ. ಬೇರೆಯವರಾಗಿದ್ದರೆ ಒಂದೆರಡು ಮಾತು ಆಡಿ ನೋಡಿಕೊಳ್ಳುತ್ತಿದ್ದರು. ಮೀಸೆಯವರು ಕಥೆಗಳನ್ನೇ ಹೇಳಿದರು. ಅಂಗಡಿಯನ್ನು ಒಂದು ಗಂಟೆ ತಡವಾಗಿ ತೆಗೆಯತೊಡಗಿದರು; ಬೆಳಗಿನ ಆ ಒಂದು ಗಂಟೆ ಪೂರ್ತಿ ಗಾಲಿ ಗುಂಯ್ ಎನ್ನುತ್ತಿತ್ತು, ಮೇಲಿನಿಂದ ಊರಿನ ಪುರಾಣ. ಒಂದು ದಿನವೂ ತಪ್ಪಿಸಲಿಲ್ಲ. ನೆಗಡಿಯಾದ ದಿನವೂ ಮೂಗು ಕಟ್ಟಿಕೊಂಡೇ ತುಳಿದರು, ಮೂಗು ಕಟ್ಟಿಕೊಂಡೇ ಮಾತಾಡಿದರು.

ಒಂದು ವಾರ ಅವಳು ಸಹಿಸಿದಳು. ಎಂಟನೇ ಬೆಳಗ್ಗೆ ಬ್ಯಾಂಕ್ ಮ್ಯಾನೇಜರನ ಕಥೆ ನಡೆದಿತ್ತು. "ಅರ್ಧ ಗಡ್ಡ ಬೋಳಿಸಿದ್ದೀನಿ, ಇನ್ನರ್ಧ ನೊರೆ. ಅಷ್ಟರಲ್ಲಿ ಅವನ ಹೆಂಡತಿ ಧಡಾರಂತ ಬಾಗಿಲು ತಳ್ಕೊಂಡು ಒಳಗೆ ಬಂದ್ಲು ನೋಡು..." ಗಡಿಯಾರ ಹೊಡೆಯಿತು, ಮೀಸೆಯವರು ಇಳಿದರು. "ಉಳಿದದ್ದು ನಾಳೆ" ಎಂದು ಸ್ನಾನಕ್ಕೆ ಹೋದರು. ಅವಳು ಸೈಕಲ್ಲಿನ ಬೆವರು ಒರೆಸಲು ಬಗ್ಗಿದಳು. ಏರಿನಲ್ಲಿ ಗಂಡನ ಬಾಯಿ ಹೇಗೆ ತಾನಾಗಿ ಮುಚ್ಚಿತ್ತು ಎಂಬುದು ನೆನಪಾಯಿತು. ತಿರುಪು ಎದುರಿಗೇ ಇತ್ತು. ಸುತ್ತಮುತ್ತ ನೋಡಿ ಒಂದು ಸುತ್ತು ತಿರುಗಿಸಿದಳು.

ಮರುದಿನ ಮೀಸೆಯವರು ಹತ್ತಿ ಕೂತು "ಆಮೇಲೆ ಆ ಹೆಂಡ್ತಿ..." ಎಂದರು. ಮತ್ತೆ "ಆ... ಹೆಂಡ್ತಿ..." ಎಂದರು. ಆಮೇಲೆ ಬರೀ ಉಸಿರು. ಅವಳು ಟೀ ಹೀರಿದಳು. ಅಂಥ ಟೀ ಕುಡಿದು ಎಷ್ಟು ಕಾಲವಾಗಿತ್ತು!

ಆಮೇಲೆ ಅದೇ ಕ್ರಮವಾಯಿತು. ಕೆಲವು ದಿನಕ್ಕೆ ಅವರ ಕಾಲು ಹೊಂದಿಕೊಳ್ಳುತ್ತಿತ್ತು, ಒಂದೊಂದಾಗಿ ಮಾತು ಹೊರಡುತ್ತಿತ್ತು; ಅವಳು ಒರೆಸುವ ನೆಪದಲ್ಲಿ ಬಗ್ಗಿ ಇನ್ನಷ್ಟು ಬಿಗಿ ಮಾಡುತ್ತಿದ್ದಳು. ಮೀಸೆಯವರ ಲೆಕ್ಕದಲ್ಲಿ ತಿರುಪು ಇಟ್ಟಲ್ಲೇ ಇತ್ತು, ದಮ್ಮೂ ಇಟ್ಟಲ್ಲೇ ಇತ್ತು. ಚಕ್ರವೂ ಮುಂದೆ ಹೋಗುತ್ತಿಲ್ಲ, ತಾನೂ ಹೋಗುತ್ತಿಲ್ಲ ಎಂದುಕೊಂಡರು. ಹೊಟ್ಟೆ ಕರಗಿ ಪ್ಯಾಂಟು ಜಾರುತ್ತಿದ್ದದ್ದನ್ನೂ ಅವರು ಚಿಂತೆಯ ಲೆಕ್ಕಕ್ಕೇ ಹಾಕಿದರು.

ಒಂದು ಬೆಳಗ್ಗೆ ಅವಳು ನೋಡಿದಾಗ ಅವರು ಕನ್ನಡಿಯ ಮುಂದೆ ಕತ್ತಿ ಹಿಡಿದು ನಿಂತಿದ್ದರು.

"ಏನ್ರೀ ಅದು?"

"ನಿನ್ನ ತಮ್ಮನ ಕೈಯಿಂದ ಯಾಕೆ? ನಾನೇ ತೆಗೆದ್ಬಿಡ್ತೀನಿ. ವಯಸ್ಸಾಯ್ತು ಕಣೇ. ಇಷ್ಟು ತಿಂಗಳು ತುಳಿದ್ರೂ ಒಂದು ಮಾತು ಪೂರ್ತಿ ಬರಲ್ಲ. ನಾನು ಮಾತಾಡೋಕಾಗದೆ ಇದ್ರೆ ಇನ್ನೇನು ಉಳೀತು ಹೇಳು."

ಅವಳು ನಿಜ ಹೇಳಿಬಿಡಲು ಬಾಯಿ ತೆರೆದಳು. ಏನೆಂದು ಹೇಳುವುದು? ದಮ್ಮು ಬಂದಿದೆ, ತಿರುಪು ಬಿಗಿದದ್ದು ನಾನು ಎಂದರೆ, ಯಾಕೆ ಎಂದು ಕೇಳುತ್ತಾರೆ. ನಿಮ್ಮ ಮಾತು ಕೇಳಲಾರದೆ ಎನ್ನಬೇಕಾಗುತ್ತದೆ. ಮೀಸೆ ಹೋದರೆ ಮತ್ತೆ ಬೆಳೆಯುತ್ತದೆ. ಆ ಮಾತು ಹೋಗಿ ಚುಚ್ಚಿದ ಜಾಗ ಮತ್ತೆ ಕೂಡಿಕೊಳ್ಳುತ್ತದೆಯೇ? ಅವಳು ಕತ್ತಿ ಕಸಿದುಕೊಂಡು, "ಇನ್ನೂ ದಿನ ಇದೆ, ತುಳೀರಿ" ಎಂದಷ್ಟೇ ಹೇಳಿದಳು. ಇನ್ನು ತಿರುಪು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದಳು.

ಅದೇ ವಾರ ಆಫೀಸಿನವರು ಅವಳನ್ನು ತರಬೇತಿಗೆಂದು ಬೇರೆ ಊರಿಗೆ ಕಳಿಸಿದರು. ದೂರುವವರ ಜೊತೆ ನಗುನಗುತ್ತಾ ಮಾತಾಡುವುದು ಹೇಗೆ ಎಂಬ ತರಬೇತಿ. ತಿರುಗಿ ಬಂದಾಗ ಗಂಡ ಸೈಕಲ್ಲಿನ ಮೇಲಿದ್ದರು, ಮೀಸೆ ನೆಟ್ಟಗೆ ನಿಂತಿತ್ತು.

"ಗೊತ್ತಾಯ್ತು ಕಣೇ!" ಎಂದರು. "ನೀನು ಹೋದದ್ದೇ ತಡ, ನಾಲ್ಕೇ ದಿನದಲ್ಲಿ ಮಾತು ನೀರು ಹರಿದ ಹಾಗೆ ಹರೀತಾ ಇದೆ. ನನ್ನ ವಯಸ್ಸಿನ ತಪ್ಪಲ್ಲ ಇದು. ನೀನು ಮನೇಲಿದ್ರೆ ನನ್ನ ದಮ್ಮು ಕಟ್ಟುತ್ತೆ. ನಿನ್ನ ಕಾಲ್ಗುಣ!" ಹಾಗೆಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಒರೆಸಿಕೊಂಡರು.

ನಗುನಗುತ್ತಾ ಮಾತಾಡುವ ತರಬೇತಿಯೆಲ್ಲ ಅಲ್ಲೇ ಗಾಳಿಗೆ ಹೋಯಿತು. ಕಾಲ್ಗುಣವಂತೆ, ಕಾಲ್ಗುಣ! ಮಾಡಿದ ಆಣೆಯನ್ನು ಪಕ್ಕಕ್ಕಿಟ್ಟು, ಅವರು ಸ್ನಾನಕ್ಕೆ ಹೋದದ್ದೇ ತಡ ತಿರುಪನ್ನು ಹಲ್ಲು ಕಚ್ಚಿ ತಿರುಗಿಸಿದಳು. ಆಮೇಲಿನ ದಿನಗಳಲ್ಲೂ ಬಿಡಲಿಲ್ಲ. ಕೊನೆಗೊಂದು ದಿನ ತಿರುಪು ಇನ್ನು ತಿರುಗಲಾರೆ ಎಂದು ಹಟ ಹಿಡಿಯಿತು. ಮೀಸೆಯವರು ಬೆಳಗ್ಗೆ ತುಟಿ ಬಿಗಿದು, ಸುಮ್ಮನೆ ತುಳಿಯುತ್ತಿದ್ದರು. ಆಶ್ಚರ್ಯವೆಂದರೆ ಒಂದು ದಿನವೂ ದೂರಲಿಲ್ಲ. ಅವಳು ಬಯಸಿದ ಮೌನ ಪೂರ್ತಿಯಾಗಿ ಸಿಕ್ಕಿತು. ಆದರೆ ಟೀಯಲ್ಲಿ ಏನೋ ಕಡಿಮೆಯಾದ ಹಾಗೆ ಅನ್ನಿಸತೊಡಗಿತು. ಆ ಮ್ಯಾನೇಜರನ ಹೆಂಡತಿ ಒಳಗೆ ಬಂದು ಏನು ಮಾಡಿದಳು ಎಂಬುದು ಕರೆಂಟಾಫೀಸಿನಲ್ಲೂ ನೆನಪಾಗುತ್ತಿತ್ತು. ಕೇಳುವ ಮುಖ ಅವಳಿಗಿರಲಿಲ್ಲ.

ಪಣದ ದಿನ ಬಂತು. ಸ್ಟ್ಯಾಂಡಿನಿಂದ ಸೈಕಲ್ಲನ್ನು ಇಳಿಸಿ ಗಾಳಿ ಹೊಡೆಸಿದರು. ಅವಳು ಕ್ಯಾರಿಯರ್ ಮೇಲೆ ಒಂದು ಬದಿಗೆ ಕೂತು ಅವರ ಸೊಂಟ ಹಿಡಿದಳು. ಹಿಡಿಯಲು ಮೊದಲಿನಷ್ಟು ಸೊಂಟವೇ ಇರಲಿಲ್ಲ.

ಏರಿನ ತುದಿಯಲ್ಲಿ, ಗೇಟಿನ ಮುಂದೆ, ತಮ್ಮ ಒಂದು ಸ್ಟೂಲು ಹಾಕಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದದ್ದು ಕೆಳಗಿನಿಂದಲೇ ಕಾಣುತ್ತಿತ್ತು.

ಏರು ಶುರುವಾದರೂ ಮೀಸೆಯವರು ಮಾತಾಡುತ್ತಲೇ ಇದ್ದರು. ಈ ಮನೆಯವನಿಗೆ ತಲೆಹೊಟ್ಟು ಜಾಸ್ತಿ, ಆ ಮನೆಯವನು ಬಿಳಿ ಕೂದಲಿಗೆ ಕದ್ದು ಬಣ್ಣ ಹಾಕಿಸುತ್ತಾನೆ. ಒಂದು ಮಾತೂ ತುಂಡಾಗಲಿಲ್ಲ. ಅವಳು ಬೆರಗಾದಳು. ಅಷ್ಟರಲ್ಲಿ ಹಿಂದೆ ಇಳಿದು ತಳ್ಳಿದ್ದ ತಿರುವು ಬಂತು.

ಮಾತು ನಿಂತಿತು.

ಸೈಕಲ್ಲು ನಿಧಾನವಾಯಿತು. ಹ್ಯಾಂಡಲ್ಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿತು. ಅವಳಿಗೆ ಕಾಣುತ್ತಿದ್ದದ್ದು ಅವರ ಬೆನ್ನು ಮತ್ತು ಕೆಂಪಾದ ಎರಡು ಕಿವಿ. ತಿಂಗಳುಗಟ್ಟಲೆ ಹಂಬಲಿಸಿ ಗಳಿಸಿದ್ದ ಮೌನ ಈಗ ಅವಳಿಗೆ ಬೇಡವಾಯಿತು. ಮೇಲೆ ಕತ್ತಿ ಬಿಸಿಲಿಗೆ ಮಿಂಚಿತು.

"ರೀ, ಮಾತಾಡಿ!"

ಹ್ಯಾಂಡಲ್ಲು ಇನ್ನೂ ಜೋರಾಗಿ ಹೊರಳಿತು.

"ನಿಮಗೆ ದಮ್ಮಿದೆ ರೀ! ತಿರುಪು ಬಿಗಿ ಮಾಡ್ತಿದ್ದದ್ದು ನಾನು. ದಿನಾ ನಾನೇ! ಒಂದು ಗಂಟೆ ಸುಮ್ಮನಿರಲಿ ಅಂತ ಮಾಡಿದೆ. ತಪ್ಪಾಯ್ತು. ಮಾತಾಡಿ!"

"ಏನಂದೆ? ಇನ್ನೊಂದ್ಸಲ ಹೇಳು."

"ಮಾತಾಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ!"

"ಈಗ ಬೀಳಬೇಡ, ಇಬ್ರೂ ಬೀಳ್ತೀವಿ" ಎಂದರು ಮೀಸೆಯವರು. ಆ ದನಿಯಲ್ಲಿ ಏದುಸಿರಿನ ಸುಳಿವೂ ಇರಲಿಲ್ಲ. ಹೊರಳಾಡುತ್ತಿದ್ದ ಹ್ಯಾಂಡಲ್ಲು ಸೂಜಿಯ ಹಾಗೆ ನೆಟ್ಟಗಾಯಿತು, ಪೆಡಲು ಸರಸರನೆ ತಿರುಗಿತು. ಬೆನ್ನು ಕುಲುಕುತ್ತಿದ್ದದ್ದು ನಗುವಿಗೆ. "ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ವಾ? ನೀನು ತರಬೇತಿಗೆ ಹೋದಾಗಲೇ ಗೊತ್ತಾಯ್ತು. ಬಗ್ಗಿ ನೋಡಿದ್ರೆ ತಿರುಪು ಎಲ್ಲೋ ಇದೆ!"

"ಮತ್ತೆ ಯಾಕೆ ಸಡಿಲ ಮಾಡಲಿಲ್ಲ?"

"ನನ್ನ ಕೈಗೆ ಬಿಟ್ಟಿದ್ರೆ ಕರುಣೆ ತೋರಿಸ್ತಿದ್ದೆ. ನಿನ್ನ ಕೈಗೆ ಅದೆಲ್ಲ ಇಲ್ಲ, ಕಾಲ್ಗುಣ ಅಂತ ಕೆಣಕಿದ್ದೂ ನೀನು ಬಿಗಿ ಮಾಡ್ಲಿ ಅಂತ. ಅದಕ್ಕೇ ಇವತ್ತು ಕಾಲು ಹೀಗಾಗಿದೆ."

ಅವಳು "ಬೇಜಾರಾಗಲಿಲ್ವಾ?" ಎಂದು ಕೇಳಿದಳು.

"ಆಯ್ತು" ಎಂದರು ಮೀಸೆಯವರು. "ಅಂಗಡೀಲಿ ಎಲ್ಲರೂ ಕೇಳ್ತಾರೆ, ಕತ್ತಿ ಇರುತ್ತಲ್ಲ. ಕತ್ತಿ ಇಲ್ದೆ ಕೇಳೋಳು ನೀನೊಬ್ಬಳು ಅಂದ್ಕೊಂಡಿದ್ದೆ. ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ಅನ್ನಿಸ್ತು, ಪಾಪ, ಅವಳಿಗೂ ಒಂದು ಗಂಟೆ ಬೇಡ್ವಾ? ಅದಕ್ಕೆ ಆಮೇಲೆ ದಮ್ಮಿದ್ರೂ ಸುಮ್ಮನೇ ತುಳಿದೆ."

ಅವಳ ಕಣ್ಣು ತುಂಬಿ ಏರು, ಮನೆ, ತಮ್ಮ ಎಲ್ಲ ಕಲಸಿಹೋದವು. ಅವರ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕ್ಷಮೆ ಕೇಳೋಣವೆಂದರೆ ಗಂಟಲಿನಿಂದ ಬೇರೆಯೇ ಮಾತು ಹೊರಟಿತು.

"ಆ ಬ್ಯಾಂಕ್ ಮ್ಯಾನೇಜರನ ಹೆಂಡತಿ ಧಡಾರಂತ ಬಾಗಿಲು ತಳ್ಕೊಂಡು ಒಳಗೆ ಬಂದ್ಲಲ್ಲ. ಆಮೇಲೇನಾಯ್ತು?"

ಮೀಸೆಯವರು ಒಂದು ಕ್ಷಣ ತಿರುಗಿ ನೋಡಲು ಹೋದರು, ಸೈಕಲ್ಲು ನಿಜವಾಗಿಯೇ ಹೊರಳಿತು. "ಅದು ನೆನಪಿದ್ಯಾ ನಿನಗೆ?"

"ಅರ್ಧ ಗಡ್ಡ ಬೋಳಿಸಿದ್ರಿ. ಇನ್ನರ್ಧ ನೊರೆ. ಹೇಳಿ."

ಅವರು ಹೇಳಿದರು. ಹೆಂಡತಿ ಒಳಗೆ ಬಂದವಳೇ ಬೆಂಚಿನ ಮೇಲೆ ಕೂತಳಂತೆ. ಕತ್ತಿ ಕೆನ್ನೆಯ ಮೇಲಿದೆ, ಗಂಡ ತುಟಿ ಅಲ್ಲಾಡಿಸುವ ಹಾಗಿಲ್ಲ, ಇಂಥ ಅವಕಾಶ ಮತ್ತೆ ಸಿಗಲಾರದೆಂದು ಹಳೆಯದೆಲ್ಲ ಒಂದೊಂದಾಗಿ ಎತ್ತಿ ಆಡಿಕೊಳ್ಳಲು ಶುರುಮಾಡಿದಳಂತೆ. ನಡುವೆ ಮೀಸೆಯವರಿಗೆ ಕಣ್ಣು ಹೊಡೆದು, ನಿಧಾನಕ್ಕೆ ಬೋಳಿಸಿ ಎಂದಳಂತೆ. ಕ್ಯಾರಿಯರ್ ಮೇಲಿದ್ದವಳು ಗಟ್ಟಿಯಾಗಿ ನಕ್ಕಳು. ಮ್ಯಾನೇಜರನ ಹೆಂಡತಿ ಆಡಿದ ಮೊದಲನೆಯ ಮಾತು ಏನು ಗೊತ್ತಾ ಎಂದು ಮೀಸೆಯವರು ದನಿ ಇಳಿಸುವ ಹೊತ್ತಿಗೆ ಸ್ಟೂಲು, ಟವೆಲು, ಬಾಯಿ ಬಿಟ್ಟುಕೊಂಡು ನಿಂತ ತಮ್ಮ ಎಲ್ಲವೂ ಪಕ್ಕದಲ್ಲೇ ಹಾದುಹೋದವು.

"ಭಾವ! ಗೇಟು ಇಲ್ಲಿದೆ!" ತಮ್ಮ ಕತ್ತಿ ಹಿಡಿದ ಕೈಯನ್ನೇ ಬೀಸುತ್ತಾ ಹಿಂದೆ ಓಡಿಬಂದ. "ಗೆದ್ರಿ! ನಿಲ್ಲಿಸಿ!"

ಅವಳು ಕ್ಯಾರಿಯರ್ ಮೇಲಿಂದ ತಿರುಗಿ ತಮ್ಮನಿಗೆ ಕೈ ಅಡ್ಡ ಹಿಡಿದಳು.

"ಇರೋ, ಕಥೆ ಮುಗಿದಿಲ್ಲ!"