ಮನೆಯವರು

ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಮೇಜಿನ ನಡುವೆ ಒಂದು ಫೋನು. ಆಶ್ರಯ ಬೇಡಿ ಬಂದ ಟೈಲರ್ ಹೆಂಗಸಿಗೆ ಈ ದೇಶದಲ್ಲಿ ಬಾಯಿ ಅಂತ ಇದ್ದದ್ದು ಆ ಫೋನೊಂದೇ. ಅವಳ ಮಾತನ್ನು ಎದುರು ಕೂತ ಆಫೀಸರಮ್ಮನ ಭಾಷೆಗೆ ತಿರುಗಿಸುವ ದುಭಾಷಿ ಎಲ್ಲೋ ದೂರದಲ್ಲಿದ್ದ. ಗುಟ್ಟು ರಟ್ಟಾಗಬಾರದೆಂದು ಅವನಿಗೆ ಇವಳ ಹೆಸರು ಹೇಳಿರಲಿಲ್ಲ, ಬರೀ ನಂಬರು. ಸರ್ಕಾರದ ಬುದ್ಧಿಗೆ ಕೈಮುಗಿಯಬೇಕು. ಹೆಸರು ಮುಚ್ಚಿಡು, ಕಥೆಯನ್ನೆಲ್ಲ ಬಿಚ್ಚಿ ಹೇಳು ಅನ್ನುತ್ತದೆ.

"ಯಾರ ಭಯ ನಿಮಗೆ?" ಎಂದಿತು ಫೋನು.

"ನಮ್ಮ ಮನೆಯವರದ್ದು."

"ಮನೆಯವರು ಅಂದ್ರೆ ಗಂಡಾನೋ, ಮನೆ ಮಂದಿಯೆಲ್ಲಾನೋ? ಗಂಡ ಮಾತ್ರ ಅಂದ್ರೆ ಸಂಸಾರದ ಜಗಳ ಅಂತ ಬರ್ಕೋತಾರೆ. ಹೆಣ್ಣು ಅನ್ನೋ ಕಾರಣಕ್ಕೇ ಪ್ರಾಣಕ್ಕೆ ಅಪಾಯ ಇದ್ರೆ ಇಲ್ಲಿರೋಕೆ ಬಿಡ್ತಾರಂತೆ."

"ಎಲ್ಲರೂ" ಎಂದಳು.

ದನಿ ಒಳ್ಳೆಯದೇ. ಆದರೆ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು ಅವಳಿಗೆ. ತಲೆ ಕೊಡವಿ ಮಾತು ಮುಂದುವರಿಸಿದಳು. ಮೆಚ್ಚಿದವನನ್ನೇ ಮದುವೆಯಾಗುತ್ತೇನೆಂದು ನಾದಿನಿ ಪಟ್ಟು ಹಿಡಿದದ್ದು, ಮಾವ ಬಾಗಿಲು ಹಾಕಿದ್ದು, ಗಂಡ ಒಡಹುಟ್ಟಿದ ತಂಗಿಯ ಕತ್ತು ಹಿಸುಕಿದ್ದು. ಹೊಲಿಗೆ ಮಷೀನಿನ ಹಿಂದೆ, ಯಾರದೋ ಪರದೆ ಬಟ್ಟೆಯ ರಾಶಿಯಲ್ಲಿ ಅವಿತು ತಾನು ನೋಡಿದ್ದು.

"ಊರಿಗೆಲ್ಲ ಜ್ವರ ಅಂದ್ರು. ನಾನು ಬಾಯಿ ಬಿಟ್ಟೆ. ಹೆಂಗಸಾಗಿ ಮನೆ ಮರ್ಯಾದೆ ಕಳೆದೆ, ಇನ್ನು ನಿನ್ನ ಸರದಿ ಅಂದ್ರು."

ತರ್ಜುಮೆಗೆ ಕಾದ ಆಫೀಸರಮ್ಮ ಫೋನಿನ ಮೇಲೆ ಬೆರಳಿಂದ ಕುಟ್ಟಿದಳು.

"ಅತ್ತಿಗೆ?" ಎಂದಿತು ದನಿ.

ಪ್ರತಿ ಭಾನುವಾರ ಅತ್ತೆ ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತಿದ್ದ ದನಿ ಅದು. ಎಂದೋ ಪರದೇಶ ಸೇರಿದ ಮೈದುನ. ಅಣ್ಣನ ಮದುವೆಗೂ ಬಾರದವನ ಮುಖವನ್ನೇ ಅವಳು ಕಂಡಿರಲಿಲ್ಲ.

"ಅಕ್ಕ ಜ್ವರದಿಂದ ಹೋದ್ಲು ಅಂತ ಅಪ್ಪ ಹೇಳಿದ್ರು. ಅಪ್ಪ ಸುಳ್ಳು ಹೇಳಲ್ಲ ಅತ್ತಿಗೆ."

"ಕಣ್ಣಾರೆ ಕಂಡಿದೀನಿ. ನಿನ್ನ ಅಕ್ಕ ಕಣಪ್ಪಾ ಅವಳು. ಇದ್ದದ್ದು ಇದ್ದ ಹಾಗೆ ಹೇಳು."

ಅವನು ಹೇಳಿದ. ಅರ್ಧ ಗಂಟೆಯ ಮಾತಿಗೆ ಒಂದೇ ಸಾಲು. ಇಲ್ಲಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳು ಕಲಿತದ್ದು ಐದಾರು ಪದ, ಅದರಲ್ಲೊಂದು ಆ ಸಾಲಿನಲ್ಲಿ ಬಂತು. ಜ್ವರ. ಆಫೀಸರಮ್ಮ ಅದನ್ನೇ ಬರೆದುಕೊಂಡಳು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, ಆ ಭಾಷೆಯಲ್ಲೇ "ಜ್ವರ ಇಲ್ಲ" ಎಂದಳು. ಎರಡೂ ಕೈಗಳಿಂದ ತನ್ನ ಕತ್ತನ್ನೇ ಹಿಸುಕಿಕೊಂಡು ತೋರಿಸಿದಳು. ಆಮೇಲೆ ಫೋನಿನತ್ತ ಬೆರಳು ಮಾಡಿದಳು.

"ಕೂತ್ಕೊಳ್ಳಿ ಅತ್ತಿಗೆ" ಎಂದಿತು ಫೋನು, ಮೆಲ್ಲಗೆ. "ನೀವು ಇಲ್ಲಿದೀರಿ ಅಂತ ಮನೆಗೆ ಹೇಳ್ತೀನಿ. ಅಪ್ಪನ್ನೇ ಕೇಳಿಬಿಡೋಣ."

ಆಫೀಸರಮ್ಮ ಅವಳ ಮುಖ ನೋಡಿದಳು, ಕೈ ಚಾಚಿ ಲೈನು ಕಡಿದಳು. ಬರೆದ ಸಾಲನ್ನು ಹೊಡೆದುಹಾಕಿ, ಇನ್ನು ಭಯವಿಲ್ಲ ಎಂಬಂತೆ ಅವಳ ಭುಜ ತಟ್ಟಿದಳು. ಅವನು ಈಗ ಯಾರಿಗೆ ಫೋನ್ ಹಚ್ಚಿರುತ್ತಾನೆಂದು ಹೇಳಲು ಅವಳಿಗೆ ಗೊತ್ತಿದ್ದ ಆ ಐದಾರು ಪದಗಳಲ್ಲಿ ಒಂದೂ ಒದಗಲಿಲ್ಲ.