ಡಾಕ್ಟರಿಗೆ ತೋರಿಸುವ ಮೈ

ಮೂರು ತಿಂಗಳಿಗೊಮ್ಮೆ ಚರ್ಮದ ಡಾಕ್ಟರಿಗೆ ತೋರಿಸುವ ದಿನ ಹತ್ತಿರ ಬಂತೆಂದರೆ ಅಕ್ಕ ಟೊಂಕ ಕಟ್ಟಿ ನಿಲ್ಲುತ್ತಿದ್ದಳು. ಎರಡು ವಾರ ಮೊದಲೇ ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಗೀಟು ಬೀಳುತ್ತಿತ್ತು. ಅಲ್ಲಿಂದ ಮುಂದೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತಮ್ಮನ ಮೈ ಅವಳ ಸುಪರ್ದಿಗೆ. ಬಚ್ಚಲುಮನೆಯ ಸ್ಟೂಲಿನ ಮೇಲೆ ಅವನನ್ನು ಕೂರಿಸಿ, ತಲೆಗೆ ಬೆಚ್ಚಗಿನ ಎಣ್ಣೆ ಹಾಕಿ, ಬೆಳ್ಳಗೆ ಗಟ್ಟಿಯಾಗಿ ಕೂತ ಹುರುಪೆ ನೆನೆಯುವವರೆಗೆ ಕಾದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಿಡಿಸುತ್ತಿದ್ದಳು. ಆಮೇಲೆ ಬೆನ್ನು, ಮೊಣಕೈ, ಮೊಣಕಾಲು, ಸೊಂಟದ ಸುತ್ತ ಜೋರಿನ ಮುಲಾಮು ಹಚ್ಚಿ, ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತುತ್ತಿದ್ದಳು.

"ಉಸಿರು ಹಿಡಿ. ಪಾರ್ಸೆಲ್ ಸಡಿಲ ಆಗ್ತಿದೆ."

"ವಿಳಾಸನೂ ಬರೆದುಬಿಡು. ಎಲ್ಲಿಗಾದ್ರೂ ಕಳಿಸು."

"ಯಾರು ಇಸ್ಕೋತಾರೆ ನಿನ್ನನ್ನ? ವಾಪಸ್ ನನ್ನ ತಲೆ ಮೇಲೇ ಬಂದು ಬೀಳ್ತೀಯ."

ಅಕ್ಕ ಒಂದು ದೊಡ್ಡ ಲಾಡ್ಜಿನಲ್ಲಿ ಚಾದರ, ಟವೆಲ್ಲುಗಳ ಉಸ್ತುವಾರಿ. ದಿನಕ್ಕೆ ಇನ್ನೂರು ಚಾದರಗಳನ್ನು ಬೆಳಕಿಗೆ ಹಿಡಿದು ಕಲೆ ಹುಡುಕುವ ಕಣ್ಣು ಅವಳದು. ಕಲೆ ಕಂಡ ಮೇಲೆ ಸುಮ್ಮನಿರುವುದು ಅವಳ ಜಾಯಮಾನದಲ್ಲಿ ಇರಲಿಲ್ಲ. ಜೋರಿನ ಮುಲಾಮನ್ನು ಒಂದೇ ಸಮನೆ ಎರಡು ವಾರಕ್ಕಿಂತ ಹೆಚ್ಚು ಹಚ್ಚಬಾರದು, ಚರ್ಮ ತೆಳ್ಳಗಾಗುತ್ತದೆ ಎಂದು ಡಾಕ್ಟರು ಮೊದಲ ದಿನವೇ ಎಚ್ಚರಿಸಿದ್ದರು. ಮೂರು ತಿಂಗಳಿಗೆ ಎರಡು ವಾರ, ಅಷ್ಟೇ. ಆ ಎರಡು ವಾರವನ್ನು ಅಕ್ಕ ಡಾಕ್ಟರಿಗೆಂದೇ ಎತ್ತಿಡುತ್ತಿದ್ದಳು, ನೆಂಟರಿಗೆಂದು ಒಳ್ಳೆಯ ಲೋಟಗಳನ್ನು ಎತ್ತಿಡುವ ಹಾಗೆ. ಉಳಿದ ದಿನಗಳಿಗೆ ಎಣ್ಣೆಯೇ ಗತಿ. ಇದು ಸರಿಯಲ್ಲವೆಂದು ಅವನಿಗೂ ಎಂದೂ ಅನ್ನಿಸಿರಲಿಲ್ಲ. ಅದನ್ನೂ ಹೇಳಬೇಕು, ಇಲ್ಲವಾದರೆ ಅಕ್ಕನೊಬ್ಬಳ ಮೇಲೆಯೇ ಹೊರಿಸಿದಂತಾಗುತ್ತದೆ.

ಅವನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಾಜು ಕೂರಿಸುವುದು, ಕಡ್ಡಿ ಬಗ್ಗಿಸಿ ಗಿರಾಕಿಯ ಕಿವಿಗೆ ಹೊಂದಿಸುವುದು, ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ತಿರುಗಿಸುವುದು. ಮಾಲೀಕನ ಬಾಯಲ್ಲಿ ಅವನ ಹೆಸರೇ ಸ್ಕ್ರೂ. ಹದಿನೆಂಟು ವರ್ಷದಿಂದ ಅದೇ ಮೇಜು, ಹೆಚ್ಚುಕಡಿಮೆ ಅಷ್ಟೇ ವರ್ಷದಿಂದ ಈ ಸೋರಿಯಾಸಿಸ್. ಅದನ್ನು ಹೇಗೋ ಸಂಭಾಳಿಸಿದ್ದ. ಆದರೆ ಕಳೆದ ವರ್ಷದಿಂದ ಬೆರಳುಗಳು ಕೈಕೊಡತೊಡಗಿದ್ದವು. ಬೆಳಿಗ್ಗೆ ಎದ್ದರೆ ಮಡಚಲು ಬರುತ್ತಿರಲಿಲ್ಲ. ಬಲಗೈಯ ನಡುಬೆರಳು ಊದಿ ಗುಂಡಗಾಗಿತ್ತು. ಒಂದು ವಾರದಲ್ಲಿ ಮೂರು ಸ್ಕ್ರೂಗಳು ಚಿಮಟದಿಂದ ಜಾರಿ ನೆಲದ ಪಾಲಾದವು. ಮೊದಲನೆಯದಕ್ಕೆ ಮಾಲೀಕ ನಕ್ಕ. ಮೂರನೆಯದಕ್ಕೆ ಅವನನ್ನು ಪಕ್ಕಕ್ಕೆ ಕರೆದ.

"ವರ್ಷದ ಕೊನೆವರೆಗೆ ನೋಡೋಣ ಸ್ಕ್ರೂ. ಕೈ ಹೀಗೇ ಇದ್ರೆ ನಾನು ಇನ್ನೊಬ್ಬನನ್ನ ನೋಡ್ಕೋಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡ."

ಅದೇ ತಿಂಗಳು ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಪಕ್ಕದ ಕುರ್ಚಿಯ ಟ್ಯಾಕ್ಸಿ ಡ್ರೈವರ್ ತೋಳು ಮಡಚಿ ಮೊಣಕೈ ತೋರಿಸಿದ. ಏನೂ ಇರಲಿಲ್ಲ. ಬರೀ ಮೊಣಕೈ.

"ಹೊಸ ಇಂಜೆಕ್ಷನ್. ಮನೇಲೇ ಹೊಟ್ಟೆಗೆ ಚುಚ್ಕೊಳ್ಳೋದು. ಗಂಟು ನೋವೂ ಹೋಯ್ತು ನಂದು."

"ಎಲ್ಲರಿಗೂ ಕೊಡ್ತಾರಾ?"

"ಎಲ್ಲಿ ಕೊಡ್ತಾರೆ? ಭಾರೀ ದುಬಾರಿ. ಯಾರಿಗೆ ಕೊಡಬೇಕು ಅನ್ನೋಕೆ ಆಸ್ಪತ್ರೆಯವರದ್ದೇ ಒಂದು ಸಮಿತಿ ಅಂತೆ, ಲೆಕ್ಕ ಅಂತೆ. ನನ್ನದು ಬೇಗ ಆಯ್ತು. ಗಾಡಿ ನಿಲ್ಲಿಸಿ ಇದ್ದ ಹಾಗೇ ಒಳಗೆ ಹೋಗಿದ್ದೆ. ಅಂಗಿ ಬಿಚ್ಚಿದ್ದೇ ತಡ, ಡಾಕ್ಟ್ರೇ ಕುರ್ಚಿ ಹಿಂದಕ್ಕೆ ತಳ್ಕೊಂಡ್ರು."

ಒಳಗೆ ಹೋದಾಗ ಅವನು ಆ ಇಂಜೆಕ್ಷನ್ನಿನ ಮಾತೆತ್ತಿದ. ಡಾಕ್ಟರು ಕಂಪ್ಯೂಟರಿನಿಂದ ಅರೆಗಳಿಗೆ ಕಣ್ಣು ಕಿತ್ತು ಅವನ ಮೊಣಕೈಯತ್ತ ಒಮ್ಮೆ ನೋಡಿದರು. ಹದಿನಾಲ್ಕು ದಿನದ ಮುಲಾಮಿನಿಂದ ಅದು ತಿಳಿಗೆಂಪಾಗಿ, ನುಣ್ಣಗೆ, ಹೇಳಿಕೊಟ್ಟ ಮಗುವಿನಂತೆ ಸುಮ್ಮನಿತ್ತು.

"ಅದು ತೀವ್ರ ಇರೋರಿಗೆ ಮಾತ್ರ. ನಿಮ್ಮದು ಸೌಮ್ಯ."

"ಬೆರಳು ಬಿಗಿಯುತ್ತೆ ಡಾಕ್ಟ್ರೇ."

"ಕೈಕೆಲಸದವರಲ್ವಾ ನೀವು? ವಯಸ್ಸೂ ಆಗ್ತಾ ಬಂತು. ನೋಡಿ, ಇದು ಹೋಗೋ ಕಾಯಿಲೆ ಅಲ್ಲ. ಅದರ ಜೊತೆ ಸ್ನೇಹ ಮಾಡ್ಕೊಳ್ಳಿ."

ನಲವತ್ತಮೂರು ಅವನ ವಯಸ್ಸು. ಡಾಕ್ಟರು ಪರದೆಯನ್ನು ಇವನ ಕಡೆ ತಿರುಗಿಸಿ ತೋರಿಸಿದರು. ಅವನು ಅವರ ಬಳಿ ಬರತೊಡಗಿದ ಮೇಲಿನ ಹನ್ನೆರಡು ವರ್ಷದ ಪಟ್ಟಿ, ಮೂರು ತಿಂಗಳಿಗೊಂದು ಸಾಲು: ಸೌಮ್ಯ, ಸೌಮ್ಯ, ಸೌಮ್ಯ. "ಸಮಿತಿಯವರು ಇದನ್ನೇ ನೋಡೋದು," ಎಂದರು.

ಬಸ್ಸಿನಲ್ಲಿ ಅರ್ಧ ದಾರಿಗೆ ಬಂದಾಗ ಆ ಟ್ಯಾಕ್ಸಿ ಡ್ರೈವರನ ಮಾತು ಅವನಿಗೆ ತಟ್ಟಿತು. ಇದ್ದ ಹಾಗೇ ಒಳಗೆ ಹೋಗಿದ್ದೆ. ಅವನು ಕೂತಲ್ಲಿಯೇ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡ. ಊದಿದ ಬೆರಳು ಪೂರ್ತಿ ಮಡಚದಿದ್ದರೂ ಬಿಡಲಿಲ್ಲ. ನಲವತ್ತೆಂಟು ಸಲ ಹೋಗಿದ್ದ ಆ ಕೋಣೆಗೆ. ನಲವತ್ತೆಂಟು ಸಲವೂ ಮೈ ಇಸ್ತ್ರಿ ಮಾಡಿಕೊಂಡು ಹೋಗಿದ್ದ.

ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. "ಯಾಕೆ ನನ್ನನ್ನ ತಿಕ್ಕಿ ತೊಳೆದೆ?"

ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. "ಏನಂದ್ರು?"

"ಸೌಮ್ಯ ಅಂದ್ರು."

"ಯಾವುದೋ ಹುಡುಗಿ ಹೆಸರಿದ್ದ ಹಾಗಿದೆ."

"ನಗಬೇಡ. ಪರೀಕ್ಷೆಗೆ ಕೂತಿದ್ದು ನಾನು, ಪಾಸಾಗಿದ್ದು ನೀನು. ಮೈಗೆ ಸುಣ್ಣ ಬಣ್ಣ ಬಳಿದು ಕಳಿಸ್ತಿದ್ದೆಯಲ್ಲ, ಅದಕ್ಕೇ ಅವರು ಏನೂ ಇಲ್ಲ ಅಂತ ಬರೆದ್ರು. ಹನ್ನೆರಡು ವರ್ಷ!"

ಅಕ್ಕನ ಕೈ ನಿಂತಿತು. "ನಿನ್ನ ಬೆನ್ನು ತಿಕ್ಕಿ ತಿಕ್ಕಿ ನನ್ನ ಸೊಂಟ ಬಿದ್ದುಹೋಯ್ತು. ಈಗ ನಾನೇ ತಪ್ಪುಗಾತಿ."

"ಹೌದು. ನೀನೇ."

ಹೀಗೆ ಅಂದಾಗ ಅವನಿಗೆ ಹಿತವೆನ್ನಿಸಿತು. ಆಮೇಲೆ ಅನ್ನಿಸಲಿಲ್ಲ. ಆದರೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ನಾಲ್ಕು ದಿನ ಅಕ್ಕ ಮಾತು ಬಿಟ್ಟಳು. ತಟ್ಟೆ ಇಟ್ಟು, ಬಡಿಸಿ, ಎದ್ದುಹೋಗುತ್ತಿದ್ದಳು.

ಈ ಸಲದ ಮುಲಾಮಿನ ಟ್ಯೂಬನ್ನು ಅವನು ಡಾಕ್ಟರಿಗೆಂದು ಎತ್ತಿಡಲಿಲ್ಲ. ತಾನೇ, ಕೈಗೆ ಎಟುಕಿದಷ್ಟು ಕಡೆ, ಎರಡು ವಾರ ಬಿಟ್ಟು ಮುಂದಿನ ಎರಡು ವಾರಕ್ಕೇ ಹಚ್ಚಿ ಮುಗಿಸಿದ. ನಿಲ್ಲಿಸಿ ಒಂದು ತಿಂಗಳಾಗುವಷ್ಟರಲ್ಲಿ ಎಲ್ಲ ವಾಪಸಾಯಿತು, ಬರುವಾಗ ಬಳಗವನ್ನೂ ಕರೆದುಕೊಂಡು ಬಂತು. ಬೆನ್ನಿನ ತೇಪೆಗಳು ಒಂದಕ್ಕೊಂದು ಕೂಡಿಕೊಂಡವು. ನಡೆದರೆ ಮೊಣಕಾಲ ಹಿಂದೆ ಚರ್ಮ ಸೀಳಿ ರಕ್ತ ಒಸರಿ ಪ್ಯಾಂಟಿಗೆ ಅಂಟುತ್ತಿತ್ತು. ಅಂಗಡಿಯಲ್ಲಿ ಚೌಕಟ್ಟುಗಳನ್ನು ಇಟ್ಟು ತೋರಿಸುವ ಕಪ್ಪು ಮಖಮಲ್ಲಿನ ತಟ್ಟೆಯ ಮೇಲೆ ಅವನು ಬಗ್ಗಿದಾಗಲೆಲ್ಲ ಬಿಳಿ ಪುಡಿ ಉದುರುತ್ತಿತ್ತು. ಒಬ್ಬ ಗಿರಾಕಿ, ಬ್ಯಾಂಕಿನ ಹೆಂಗಸು, ಕಿವಿಯ ಹಿಂದೆ ಅವನ ಬೆರಳು ಬಂದ ಕೂಡಲೇ ತಲೆ ಹಿಂದಕ್ಕೆಳೆದುಕೊಂಡು ಮಾಲೀಕನನ್ನು ಕೇಳಿದಳು: "ಬೇರೆ ಯಾರೂ ಇಲ್ವಾ?"

ಅವಳು ಹೋದ ಮೇಲೆ ಮಾಲೀಕ ಅವನ ಮೇಜನ್ನು ಒಳಕೋಣೆಗೆ ಸಾಗಿಸಿದ. "ಅಂಟು ರೋಗ ಅಲ್ಲ ಅಂತ ನನಗೆ ಗೊತ್ತು. ಜನಕ್ಕೆ ಹೇಳೋಕಾಗುತ್ತಾ?"

"ಆಗುತ್ತೆ. ನಿಮಗೆ ಬಾಯಿದೆಯಲ್ಲ."

ಮಾಲೀಕ ಪೆಚ್ಚಾಗಿ ನಕ್ಕ. ಅವನು ನಗಲಿಲ್ಲ. ಒಳಕೋಣೆಯಲ್ಲಿ ಕನ್ನಡಿಗಳಿರಲಿಲ್ಲ ಎನ್ನುವುದೊಂದೇ ಉಪಕಾರ. ಅಲ್ಲಿ ಕೂತು ಅವನು ಒಂದು ಚೀಟಿಯಲ್ಲಿ ಡಾಕ್ಟರಿಗೆ ಹೇಳಬೇಕಾದ್ದನ್ನೆಲ್ಲ ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಜಾಸ್ತಿ ಬರೆದರೆ ಓದುವುದಿಲ್ಲ, ಕಡಿಮೆ ಬರೆದರೆ ನಂಬುವುದಿಲ್ಲ.

ತೋರಿಸುವ ಹಿಂದಿನ ಸಂಜೆ ಅಕ್ಕ ಎಣ್ಣೆಯ ಬಟ್ಟಲು ಹಿಡಿದು ಬಚ್ಚಲುಮನೆಯ ಬಾಗಿಲಲ್ಲಿ ನಿಂತಳು. "ತಲೆಗಾದ್ರೂ ಹಾಕ್ತೀನಿ."

"ಬೇಡ."

"ಕಿವಿ ಹಿಂದೆ ಮಾತ್ರ. ನೋಡೋಕಾಗ್ತಿಲ್ಲ."

"ನೋಡಲಿ ಅಂತಾನೇ ಬೇಡ ಅಂತಿರೋದು."

ಬೆಳಿಗ್ಗೆ ಅವನು ಯಾವಾಗಲೂ ಹಾಕುವ ಬಿಳಿ ಅಂಗಿ ಬಿಟ್ಟು ಕಡುನೀಲಿಯದನ್ನು ಹಾಕಿಕೊಂಡ. ಹೊರಡುವಾಗ ನೋಡಿದರೆ ಅಕ್ಕನೂ ಚಪ್ಪಲಿ ಮೆಟ್ಟಿ ನಿಂತಿದ್ದಳು. ಬಾ ಎಂದು ಅವನು ಕರೆಯಲಿಲ್ಲ, ಬರುತ್ತೇನೆಂದು ಅವಳೂ ಹೇಳಲಿಲ್ಲ.

"ಹೇಗಿದ್ದೀರಿ? ಅದೇ ಮುಂದುವರಿಸೋಣ್ವಾ?" ಎನ್ನುತ್ತಲೇ ಡಾಕ್ಟರು ಟೈಪು ಮಾಡತೊಡಗಿದ್ದರು. ಅವನು ಉತ್ತರ ಕೊಡದೆ ಅಂಗಿಯ ಗುಂಡಿ ಬಿಚ್ಚಿದ. ಬೆರಳು ಸಹಕರಿಸದೆ ಹೊತ್ತು ಹಿಡಿಯಿತು. ಅಂಗಿ ಕುರ್ಚಿಯ ಮೇಲೆ ಬಿತ್ತು, ಚೀಟಿ ಅದರ ಜೇಬಿನಲ್ಲೇ ಉಳಿಯಿತು.

ಡಾಕ್ಟರು ತಲೆ ಎತ್ತಿದರು. "ಯಾಕ್ರೀ ಹೀಗೆ ಬಿಟ್ಟಿರಿ? ಮುಲಾಮು ಹಚ್ಚಿಲ್ವಾ?"

"ಹಚ್ಚಿದೆ. ನೀವು ಹೇಳಿದ ಹಾಗೆ ಎರಡು ವಾರ. ನಿಲ್ಲಿಸಿದ ಮೇಲೆ ಇದು."

"ಹಾಗಾದ್ರೆ ಇದು ತಾತ್ಕಾಲಿಕ. ಸ್ವಲ್ಪ ಕೆರಳಿದೆ."

"ಇದನ್ನ ಸಮಿತಿಗೆ ಕಳಿಸಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹನ್ನೆರಡು ವರ್ಷ ಸೌಮ್ಯ, ಒಂದು ದಿನ ತೀವ್ರ ಅಂತ ಕಳಿಸಿದ್ರೆ ಅವರು ನನ್ನನ್ನೇ ಕೇಳ್ತಾರೆ. ಇನ್ನೊಂದು ಮೂರು ತಿಂಗಳು ನೋಡೋಣ."

ಮೂರು ತಿಂಗಳಿಗೆ ವರ್ಷ ಮುಗಿಯುತ್ತಿತ್ತು, ಮಾಲೀಕನ ಗಡುವೂ. ಅವನಿಗೆ ಪಿತ್ತ ನೆತ್ತಿಗೇರಿತು. ಚೀಟಿಯಲ್ಲಿ ಬರೆದದ್ದು ಒಂದೂ ನೆನಪಿಗೆ ಬರಲಿಲ್ಲ. "ನೀವು, ನೀವು ಒಂದು ದಿನ..." ಎಂದು ಶುರುಮಾಡಿ ತೊದಲಿದ. ಹನ್ನೆರಡು ವರ್ಷ ಇದೇ ಕೋಣೆಯಲ್ಲಿ "ಹೂಂ ಡಾಕ್ಟ್ರೇ" ಬಿಟ್ಟು ಬೇರೆ ಮಾತಾಡದ ನಾಲಿಗೆ ಅದು.

ಆಗ ಗೋಡೆ ಪಕ್ಕದ ಸ್ಟೂಲಿನಿಂದ ಅಕ್ಕ ಎದ್ದಳು.

"ಇಷ್ಟು ವರ್ಷ ನೀವು ನೋಡಿದ್ದು ನಾನು ತೊಳೆದ ಮೈ," ಎಂದಳು. "ನೀವು ಕೊಟ್ಟ ಎರಡು ವಾರದ ಮುಲಾಮನ್ನ ನಿಮ್ಮ ಹತ್ರ ಬರೋಕೆ ಮುಂಚಿನ ಎರಡು ವಾರಕ್ಕೇ ಹಚ್ತಿದ್ದೆ. ದಿನಕ್ಕೆ ಎರಡು ಗಂಟೆ. ಎಣ್ಣೆ ಹಾಕಿ ನೆನೆಸಿ, ಬಾಚಿ, ಪ್ಲಾಸ್ಟಿಕ್ ಸುತ್ತಿ. ನೀವು ನೋಡಿ ಸೌಮ್ಯ ಅಂತ ಬರೀತಿದ್ರಿ. ಆಮೇಲೆ ಹತ್ತು ಹದಿನೈದು ದಿನಕ್ಕೆ ಹೀಗೇ ಆಗ್ತಿತ್ತು. ಇವನ ಹಾಸಿಗೆ ನಾನು ದಿನಾ ಕೊಡವಬೇಕು."

"ಯಾಕೆ ಹಾಗೆ ಮಾಡ್ತಿದ್ರಿ?"

"ನಿಮಗೆ ಅಸಹ್ಯ ಆಗಬಾರದು ಅಂತ. ಅಸಹ್ಯ ಆದ್ರೆ ಇವನನ್ನ ಮುಟ್ಟಿ ನೋಡಲ್ಲ ಅಂತ."

ಡಾಕ್ಟರು ಪೆನ್ನು ತಿರುಗಿಸಿದರು. "ನೀವು ನನಗೆ ಹೇಳಬೇಕಿತ್ತು."

"ನೀವು ಕೇಳಬೇಕಿತ್ತು." ಈಗ ಅವನಿಗೆ ಮಾತು ಬಂತು. "ಉಳಿದ ದಿನ ಹೇಗಿರ್ತೀರಿ ಅಂತ ಒಂದೇ ಒಂದು ಸಲ. ನನ್ನ ತಲೆ ನೋಡಿದ್ದೀರಾ? ಉಗುರು ನೋಡಿದ್ದೀರಾ? ಬೆರಳು ಬಿಗಿಯುತ್ತೆ ಅಂದಾಗ ವಯಸ್ಸು ಅಂದ್ರಿ. ಸ್ನೇಹ ಮಾಡ್ಕೋ ಅಂದ್ರಿ. ಅಳೀರಿ ಇವತ್ತು."

"ಸರಿ. ಮೊದಲು ಅಂಗಿ ಹಾಕ್ಕೊಳ್ಳಿ, ಬರೀತೀನಿ."

"ಅಳೆದು ಬರೀರಿ. ಆಮೇಲೆ ಹಾಕ್ಕೋತೀನಿ."

ಅಳೆಯುವ ಕ್ರಮ ಬಹಳ ಸರಳವಾಗಿತ್ತು, ಅದೇ ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು. ರೋಗಿಯ ಅಂಗೈ, ಬೆರಳೂ ಸೇರಿ, ಅವನ ಮೈಯ ನೂರರಲ್ಲಿ ಒಂದು ಪಾಲು. ಅಷ್ಟಷ್ಟೇ ಎಣಿಸುತ್ತ ಹೋಗುವುದು. ಹತ್ತು ದಾಟಿದರೆ ತೀವ್ರ. ಡಾಕ್ಟರು ಅವನ ಅಂಗೈಯ ಅಳತೆ ಕಣ್ಣಲ್ಲಿ ಹಿಡಿದು ಬೆನ್ನಿನಿಂದ ಶುರು ಮಾಡಿದರು. ಆರು ಎಂದರು.

"ಸೊಂಟದ ಪಟ್ಟಿ ಕೆಳಗೆ ನೋಡಿ," ಎಂದಳು ಅಕ್ಕ.

"ಎಂಟು."

"ಮೊಣಕಾಲ ಹಿಂದೆ. ಬಗ್ಗಿ ನೋಡಬೇಕು."

ಡಾಕ್ಟರು ಬಗ್ಗಿದರು. ತಲೆಗೂದಲು ಬಿಡಿಸಿ ನೋಡಿದರು. ಉಗುರುಗಳನ್ನು ದೀಪದ ಕೆಳಗೆ ಹಿಡಿದು, ಸೂಜಿಯಿಂದ ಚುಚ್ಚಿದಂತಿದ್ದ ಗುಳಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಊದಿದ ಬೆರಳಿನ ಗಂಟನ್ನು ಒತ್ತಿದಾಗ ಅವನು ಹಲ್ಲು ಕಚ್ಚಿದ. ಹೊರಗೆ ಮುಂದಿನ ರೋಗಿ ಬಾಗಿಲು ತಟ್ಟಿದರು. ಇನ್ನೊಮ್ಮೆ ತಟ್ಟಿದರು. ಒಳಗಿನವರು ಯಾರೂ ಅತ್ತ ತಿರುಗಲಿಲ್ಲ.

"ಹದಿನೇಳು," ಎಂದರು ಡಾಕ್ಟರು ಕೊನೆಗೆ. ದನಿ ಸಣ್ಣದಾಗಿತ್ತು. "ಕೀಲಿನ ಡಾಕ್ಟರಿಗೂ ಒಂದು ಪತ್ರ ಕೊಡ್ತೀನಿ. ಇದು ವಯಸ್ಸಿಂದಲ್ಲ."

"ಹಳೆಯದಕ್ಕೆ ಏನು ಬರೀತೀರಿ?"

"ಹಳೆಯದನ್ನ ತಿದ್ದೋ ಹಾಗಿಲ್ಲ."

"ತಿದ್ದಬೇಡಿ. ಕೆಳಗೆ ಬರೀರಿ. ಹಿಂದೆ ನೋಡಿದ್ದೆಲ್ಲ ಎರಡು ವಾರ ಮುಲಾಮು ಹಚ್ಚಿದ ಮೇಲೆ ನೋಡಿದ್ದು ಅಂತ. ಇಲ್ಲದಿದ್ರೆ ಸಮಿತಿಯವರೂ ನಿಮ್ಮ ಹಾಗೇ ತಾತ್ಕಾಲಿಕ ಅಂತಾರೆ."

ಹಾಗೆ ಬರೆದರೆ ಅದು ಡಾಕ್ಟರು ತಮ್ಮ ತಪ್ಪಿಗೆ ತಾವೇ ಹಾಕಿದ ರುಜು. ಅದು ಮೂವರಿಗೂ ಗೊತ್ತಿತ್ತು. ಅವನು ಬರಿಮೈಯಲ್ಲಿ, ಫ್ಯಾನಿನ ಕೆಳಗೆ ಮೈ ನಡುಗುತ್ತಿದ್ದರೂ, ಮೇಜಿನ ಮುಂದೆ ನಿಂತೇ ಇದ್ದ. ಅವನ ಕಾಲ ಸುತ್ತ ನೆಲದ ಮೇಲೆ ಬಿಳಿ ಪುಡಿ ಬಿದ್ದಿತ್ತು. ಜೀವನದಲ್ಲಿ ಮೊದಲ ಸಲ ಅದನ್ನು ಕಾಲಿನಿಂದ ಸರಿಸಬೇಕೆಂದು ಅನ್ನಿಸಲಿಲ್ಲ.

ಡಾಕ್ಟರು ಟೈಪು ಮಾಡಿದರು. ಪರದೆಯನ್ನು ತಿರುಗಿಸಿದರು. ಅವನು ನಿಧಾನವಾಗಿ, ಅಕ್ಷರ ಬಿಡದೆ ಓದಿದ.

"ಕೆಲವೊಮ್ಮೆ ಅಂತ ಹಾಕಿದ್ದೀರಿ. ಪ್ರತಿ ಸಲ ಅಂತ ಮಾಡಿ."

ಡಾಕ್ಟರು ಅಕ್ಕನ ಕಡೆ ನೋಡಿದರು. ಅಕ್ಕ ಅವರನ್ನೇ ದಿಟ್ಟಿಸುತ್ತಿದ್ದಳು, ಚಾದರ ನೋಡುವ ಹಾಗೆ. ಅವರು ಪದ ಬದಲಿಸಿದರು.

ಸಮಿತಿ ಕೂಡುವುದು ಮುಂದಿನ ತಿಂಗಳು. ಕೊಡಬಹುದು, ಕೊಡದೆಯೂ ಇರಬಹುದು. ಕಾರಿಡಾರಿನಲ್ಲಿ ಅವನು ಅಂಗಿಯ ಗುಂಡಿಗಳ ಜೊತೆ ಹೆಣಗುತ್ತಿದ್ದಾಗ ಅಕ್ಕ ಕೈ ಚಾಚಿದಳು. ಅವನು ಹಾಕಲು ಬಿಟ್ಟ.

"ಕೋಪ ಇಳೀತಾ?"

"ಇಲ್ಲ."

"ನನ್ನ ಮೇಲೂ?"

"ಸ್ವಲ್ಪ ಇದೆ."

"ಇರಲಿ," ಎಂದಳು ಅಕ್ಕ, ಕೊನೆಯ ಗುಂಡಿ ಹಾಕುತ್ತ. "ನನಗೂ ಈಗ ಬರ್ತಿದೆ. ತಡವಾಗಿ ಬಂತು ನೋಡು."

ಅವಳು ದಾಖಲೆ ಕೊಡುವ ಕಿಟಕಿಗೆ ಹೋಗಿ, ತಮ್ಮನ ಹನ್ನೆರಡು ವರ್ಷದ ಪ್ರತಿಗಳೂ ಬೇಕೆಂದಳು. ಒಳಗಿದ್ದವಳು ಕಡೆಯ ಪುಟ ಸಾಕಲ್ಲವೇ ಎಂದಳು.

"ಸಾಲದು," ಎಂದಳು ಅಕ್ಕ. "ಎಲ್ಲ ಕೊಡಿ. ನಾವು ಇಲ್ಲೇ ಕೂತಿರ್ತೀವಿ."