ಕಬ್ಬಿಣದ ಬಳೆ ತೊಟ್ಟ ತೆಂಗು

ನಾನು ಒಂದು ತೆಂಗಿನ ಮರ. ಆದರೆ ಒಂದು ವರ್ಷದ ಮಟ್ಟಿಗೆ ಜನ ನನ್ನನ್ನು ಫಿರಂಗಿ ಎಂದು ನಂಬಿದ್ದರು.

ಸಿಡಿಲಿಗೆ ತಲೆ ಕಳೆದುಕೊಂಡು ಕರಾವಳಿಯಲ್ಲಿ ಬೋಳಾಗಿ ನಿಂತಿದ್ದೆ. ಸೈನ್ಯದವರು ಬಂದು ಕಡಿದರು. ಸೊಂಟಕ್ಕೆ ಗಾಡಿಯ ಚಕ್ರ ಕಟ್ಟಿದರು. ಮೈಗೆಲ್ಲ ತಾರು ಬಳಿದರು. ಬಾಯಿಯನ್ನು ಒಂದು ಗೇಣು ಕೊರೆದು, ಒಳಗೆ ಮಸಿ ಹಚ್ಚಿ, ತುದಿಗೆ ಕಬ್ಬಿಣದ ಬಳೆ ತೊಡಿಸಿದರು. ಆಮೇಲೆ ಟಾರ್ಪಾಲು ಹೊದಿಸಿ ಹಡಗು ಹತ್ತಿಸಿದರು.

ಇಳಿದದ್ದು ದಡವೇ ಕಾಣದಷ್ಟು ದೂರದ ಒಂದು ದ್ವೀಪದಲ್ಲಿ. ಅಲ್ಲಿ ಒಂದು ಸಿಹಿನೀರಿನ ಬಾವಿ, ಮೀನು ಹಿಡಿಯುವ ಖಾರ್ವಿಗಳ ಕೆಲವು ಮನೆ, ಒಂದು ಗುಡ್ಡ. ಗುಡ್ಡದ ಮೇಲೆ ಪಡುವಣ ಕಡಲಿಗೆ ಮುಖಮಾಡಿ ನನ್ನನ್ನು ನಿಲ್ಲಿಸಿದರು. ನಿಜವಾದ ಫಿರಂಗಿ ಬರುವವರೆಗೆ, ದೂರದಿಂದ ನೋಡಿದವರು ಹೆದರಿದರೆ ಸಾಕೆಂಬುದು ಮೇಲಿನವರ ಲೆಕ್ಕ. ದ್ವೀಪದವರಿಗೂ ಗುಟ್ಟು ಬಿಡಕೂಡದೆಂದು ಹವಾಲ್ದಾರ್ ಪೆಮ್ಮಯ್ಯನಿಗೆ ಆಜ್ಞೆಯಾಗಿತ್ತು. ಸುತ್ತ ಹಗ್ಗ ಕಟ್ಟಿ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಬೆಳಿಗ್ಗೆ ಎದ್ದರೆ ಕವಾಯತು. ನನ್ನ ಬಾಯಿ ಒರೆಸುವುದು, ಇಲ್ಲದ ಗುಂಡು ತುಂಬುವುದು.

"ಸಾಹೇಬ್ರ, ಇದರ ಬಾಯಾಗಿಂದ ಬಂದ್ರ ಎಳನೀರ ಬರೂದು" ಎನ್ನುತ್ತಿದ್ದ ವಿಜಾಪುರದ ಸಿಪಾಯಿ ಯಮನಪ್ಪ.

"ಮೆಲ್ಲ ಮಾತಾಡು ಮಾರಾಯ" ಎಂದು ಪೆಮ್ಮಯ್ಯ ಗದರುತ್ತಿದ್ದ. ನಗುತ್ತಿರಲಿಲ್ಲ.

ಆಯುಧಪೂಜೆಗೆ ಖಾರ್ವಿಗಳೆಲ್ಲ ಗುಡ್ಡ ಹತ್ತಿ ಬಂದರು. ಬೇಡವೆನ್ನಲು ಪೆಮ್ಮಯ್ಯನಿಗೆ ನೆಪ ಸಿಗಲಿಲ್ಲ. ಕಬ್ಬಿಣದ ಬಳೆಯನ್ನು ಮಾತ್ರ ಮುಟ್ಟಬಹುದೆಂದ. ಶೀನ ಖಾರ್ವಿಯ ಹೆಂಡತಿ ಮುತ್ತು, ಮದುವೆಯಾಗಿ ಹೊಸದಾಗಿ ಬಂದವಳು, ಬಳೆಗೆ ಕುಂಕುಮ ಹಚ್ಚಿದಳು. ನನ್ನ ತಲೆಯಲ್ಲಿ ಒಂದು ಕಾಲಕ್ಕೆ ಬಿಡುತ್ತಿದ್ದಂಥ ಕಾಯಿಯನ್ನೇ ಶೀನ ನನ್ನ ಮುಂದೆ ಒಡೆದ. ತಾರಿನೊಳಗೆ ನಾನು ಕುಗ್ಗಿಹೋದೆ.

ಚಳಿಗಾಲಕ್ಕೆ ಯುದ್ಧದ ಸುದ್ದಿ ಬಂತು. ಹೆಂಗಸರು ಮಕ್ಕಳನ್ನು ದಡಕ್ಕೆ ಒಯ್ಯಲು ಒಂದು ಹಡಗು ಬಂತು. ಅದು ಹೋದರೆ ಮತ್ತೆ ಬರುವಂತಿರಲಿಲ್ಲ. ಸಣ್ಣ ದೋಣಿಯಲ್ಲಿ ದಾಟುವ ದೂರವೂ ಅದಲ್ಲ. ಮುತ್ತು ಎಲ್ಲರ ಪರವಾಗಿ ಕೇಳಲು ಬಂದಳು.

"ಹವಾಲ್ದಾರ್ರೇ, ನಾವ್ ಹೋಯ್ಕಾ, ಇಲ್ಲೇ ಇಪ್ಪುದಾ? ನೀವ್ ಹೇಳ್ದಂಗೆ."

ಪೆಮ್ಮಯ್ಯ ನನ್ನನ್ನು ನೋಡಿದ. ಕಡಲನ್ನು ನೋಡಿದ.

"ಫಿರಂಗಿ ಇದೆಯಲ್ಲಮ್ಮ" ಎಂದ.

"ಅದೇ ನಾನೂ ಹೇಳ್ದೆ. ನಮ್ಮೋರಿಗೇ ಒಂದ್ ಪುಕ್ಕಲು" ಎಂದು ನಗುತ್ತ ಇಳಿದುಹೋದಳು. ಹಡಗು ಖಾಲಿಯಾಗಿ ಮರಳಿತು.

ಕೆಲವೇ ದಿನಗಳಲ್ಲಿ ವೈರಿಯ ಹಡಗು ಕಾಣಿಸಿಕೊಂಡಿತು. ನನ್ನನ್ನು ಕಂಡು ಹೆದರಿದ್ದೂ ನಿಜ, ಹತ್ತಿರ ಬರಲಿಲ್ಲ. ದೂರದಿಂದಲೇ ನನಗೆ ಗುರಿಯಿಟ್ಟಿತು. ಗುಂಡು ನನ್ನ ತನಕ ಮುಟ್ಟದೆ ಕೆಳಗೆ ಮರಳಿಗೆ ಬಿತ್ತು. ಅಲ್ಲಿ ಶೀನ ದೋಣಿ ಎಳೆಯುತ್ತಿದ್ದ.

ಮುತ್ತು ಗುಡ್ಡ ಹತ್ತಿ ಓಡಿ ಬಂದಳು. ಸೀರೆಯ ತುಂಬ ಮರಳು, ರಕ್ತ. ಹಗ್ಗ ದಾಟಿದಳು.

"ಹೊಡೀರಿ ಹವಾಲ್ದಾರ್ರೇ! ಎಂತಕ್ಕೆ ಸುಮ್ನಿದ್ರಿ? ಹೊಡೀರಿ!"

ಅವಳು ಎರಡೂ ಕೈಯಿಂದ ನನ್ನ ಬೆನ್ನಿಗೆ ಬಡಿದಳು. ಡಬ್ ಎಂದೆ. ಮತ್ತೆ ಬಡಿದಳು. ಡಬ್.

ಅವಳು ಕೈ ನಿಲ್ಲಿಸಿದಳು. ದೋಣಿಯನ್ನು ಮರಳಿನ ಮೇಲೆ ಉರುಳಿಸಲು ಅಡಿಗೆ ಹಾಕುವುದು ತೆಂಗಿನ ಕಾಂಡವನ್ನೇ. ಆ ಸದ್ದು ಅವಳಿಗೆ ಹುಟ್ಟಿದಂದಿನಿಂದ ಗೊತ್ತು.

"ಇದ್ ತೆಂಗ್ ಅಲ್ದಾ?"

ಪೆಮ್ಮಯ್ಯ ಟೋಪಿ ತೆಗೆದ. ವೈರಿಯ ಹಡಗು ಅಷ್ಟರಲ್ಲಿ ಹೊರಳಿ ಹೋಗುತ್ತಿತ್ತು. ಕೆಳಗೆ ಹೆಂಗಸರು ಮಕ್ಕಳನ್ನು ತಬ್ಬಿಕೊಂಡು, ಅದು ನನಗೆ ಹೆದರಿಯೇ ಓಡಿತೆಂದು ನನ್ನತ್ತಲೇ ನೋಡುತ್ತಿದ್ದರು.

"ಅವ್ರಿಗೆ ಹೇಳ್ಬೇಡಿ" ಎಂದಳು ಮುತ್ತು. "ಇನ್ನ್ ಹೋಪುಕೆ ಹಡ್ಗ್ ಇಲ್ಲ. ರಾತ್ರಿ ನಿದ್ರಿ ಆದ್ರೂ ಬರ್ಲಿ."

ಮಳೆಗಾಲ ಕಳೆದ ಮೇಲೆ ನಿಜವಾದ ಫಿರಂಗಿ ಬಂತು. ರಾತ್ರಿಯೇ ನನ್ನ ಚಕ್ರ ಬಿಚ್ಚಿದರು, ಬಳೆ ಕಳಚಿದರು, ತಾರು ಕೆರೆದರು, ಕೊರೆದ ತುದಿ ಕಡಿದರು. ಸುಡುವುದೇ ಎಂದು ಪೆಮ್ಮಯ್ಯ ಮುತ್ತುವನ್ನು ಕೇಳಿದ.

"ಬ್ಯಾಡ. ದೋಣಿ ಅಡಿಗೆ ಆತ್ತ್" ಎಂದಳು.

ಹಳೆಯ ಫಿರಂಗಿ ಎಲ್ಲಿ ಎಂದು ಕೇಳಿದವರಿಗೆ, ಹಡಗಿನಲ್ಲಿ ಹೋಯಿತೆಂದು ಪೆಮ್ಮಯ್ಯ ಹೇಳಿದ. ಈಗ ನಾನು ಮರಳಿನಲ್ಲಿ ಬಿದ್ದಿದ್ದೇನೆ. ದೋಣಿಗಳು ನನ್ನ ಬೆನ್ನ ಮೇಲೆ ಉರುಳಿ ಹೋಗುತ್ತವೆ, ಬರುತ್ತವೆ. ಮರಕ್ಕೆ ತಕ್ಕ ಕೆಲಸ. ಹಗುರವಾಗಬೇಕಿತ್ತು, ಆಗಿಲ್ಲ. ವೈರಿ ಹೆದರಲೆಂದು ನನ್ನನ್ನು ಮಾಡಿದರು. ವೈರಿ ಹೆದರಿದ್ದು ಸ್ವಲ್ಪ, ನಮ್ಮವರು ನಂಬಿದ್ದು ಬಹಳ.

ಮೊನ್ನೆ ಮತ್ತೆ ಆಯುಧಪೂಜೆಯಾಯಿತು. ಎಲ್ಲರೂ ತಟ್ಟೆ ಹಿಡಿದು ಗುಡ್ಡ ಹತ್ತಿದರು. ಮುತ್ತು ಬರಿಗೈಯಲ್ಲಿ ಹಿಂದೆ ಹೋದಳು. ಕುಂಕುಮ ಹಚ್ಚುವವರು ಹಚ್ಚಿ ಮುಗಿಸಿದ ಮೇಲೆ ಹೊಸ ಫಿರಂಗಿಯ ಬಳಿ ನಿಂತು ಬೆರಳ ಗಂಟಿನಿಂದ ಬಡಿದಳು.

ಠಣ್!

ಆ ಸದ್ದು ನನ್ನ ತನಕ ಇಳಿದು ಬಂತು.

"ಎಂತಕ್ಕೆ ಬಡೀತ್ರಿ ಮುತ್ತಕ್ಕ?" ಎಂದಳು ಪಕ್ಕದ ಮನೆಯ ಬಾಣಂತಿ.

"ಎಂತ ಇಲ್ಲ. ನೀನ್ ಮಗುನ ಎತ್ಕಂಡ್ ಮನಿಗ್ ಹೋಗ್."

ಆಮೇಲೆ ಅವಳು ಇಳಿದು ಬಂದು ನನ್ನ ಮೇಲೆ ಕುಳಿತಳು. ಬಹಳ ಹೊತ್ತು ಕಡಲು ನೋಡಿದಳು. ಏಳುವಾಗ ನನ್ನನ್ನೂ ಒಮ್ಮೆ ತಟ್ಟಿದಳು. ಡಬ್ ಎಂದೆ.

ನನ್ನ ಹತ್ತಿರ ಇದ್ದದ್ದು ಆ ಒಂದೇ ಸದ್ದು.